ತಿರುಗುವ ಚಕ್ರ ನಿಜ ಹೇಳುತ್ತದೆಯೇ?

ಆಷಾಢದ ಮಳೆ ಹಿಡಿದರೆ ಬಿಡುವುದೆಂದಿಲ್ಲ. ಅಂಥದೊಂದು ಬೆಳಿಗ್ಗೆ ರಿಪ್ಪನ್‌ಪೇಟೆಯ ಝೆರಾಕ್ಸ್ ಅಂಗಡಿಯೊಂದರ ಮುಂದೆ ನಾಲ್ಕಾರು ಜನ ಕೊಡೆ ಮಡಚಿ ನಿಂತಿದ್ದಾರೆ. ಒಬ್ಬರಿಗೆ ಬೆಳೆಸಾಲದ ನವೀಕರಣಕ್ಕೆ ಪಹಣಿ ಬೇಕು. ಇನ್ನೊಬ್ಬರಿಗೆ ಮಗಳ ಕಾಲೇಜಿಗೆ ಜಾತಿ-ಆದಾಯ ಪ್ರಮಾಣ ಪತ್ರದ ಅರ್ಜಿ ಹಾಕಬೇಕು. ಮತ್ತೊಬ್ಬರು ಕರೆಂಟ್ ಬಿಲ್ ಕಟ್ಟಲು ಬಂದವರು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಪರದೆಯನ್ನೇ ನೋಡುತ್ತಿದ್ದಾನೆ. ಪರದೆಯ ನಡುವೆ ಚಿಕ್ಕದೊಂದು ಚಕ್ರ ಗಿರಗಿರನೆ ತಿರುಗುತ್ತಿದೆ.

‘ಎಷ್ಟೊತ್ತಾಗ್ತದೆ ಮಾರಾಯಾ?’ ಎಂದು ಪಹಣಿಗೆ ಬಂದವರು ಕೇಳುತ್ತಾರೆ.

‘ತಿರುಗ್ತಾ ಇದೆ ಗೌಡ್ರೇ, ಸ್ವಲ್ಪ ಕೂತ್ಕೊಳ್ಳಿ. ಸರ್ವರ್ ಸ್ಲೋ ಇದೆ.’

ಗೌಡರು ಕೂರುತ್ತಾರೆ. ಐದು ನಿಮಿಷ ಕಳೆಯುತ್ತದೆ, ಹತ್ತು ನಿಮಿಷ ಕಳೆಯುತ್ತದೆ. ಮಧ್ಯಾಹ್ನದ ಬಸ್ಸು ತಪ್ಪಿದರೆ ಊರಿಗೆ ಹೋಗಲು ಮತ್ತೆ ಸಂಜೆಯೇ ಗತಿ. ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸ ಅರ್ಧಕ್ಕೆ ನಿಂತಿದೆ. ಚಕ್ರವೇನೋ ತಿರುಗುತ್ತಲೇ ಇದೆ. ಆದರೆ ಅದು ತಿರುಗುತ್ತಿರುವುದರ ಅರ್ಥವೇನು? ಒಳಗೆಲ್ಲೋ ಕೆಲಸ ನಡೆಯುತ್ತಿದೆ ಎಂದೇ? ಕಾದರೆ ಫಲ ಸಿಗುತ್ತದೆ ಎಂದೇ? ಅಥವಾ ಸುಮ್ಮನೆ ಕಣ್ಣೊರೆಸುವ ಆಟವೇ?

ಸಣ್ಣ ಪ್ರಶ್ನೆಯಂತೆ ಕಾಣುವ ಇದರ ಮೇಲೆ ಎಷ್ಟೋ ಜನರ ಒಂದು ದಿನದ ದುಡಿಮೆ ನಿಂತಿದೆ. ಆದ್ದರಿಂದ ಈ ಚಕ್ರದ ಹುಟ್ಟು, ಗುಣ, ದೋಷಗಳನ್ನು ಒಂದಿಷ್ಟು ವಿಚಾರಿಸುವುದು ಒಳ್ಳೆಯದು.

ಇಡೀ ಪುಟದಿಂದ ತುಂಡು ಪುಟಕ್ಕೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆ ಕಾಲದಲ್ಲಿ ಜಾಲತಾಣದ ಒಂದು ಪುಟ ನೋಡುವುದೆಂದರೆ ಅಂಚೆಯಲ್ಲಿ ಪತ್ರ ಬರೆದು ಉತ್ತರಕ್ಕೆ ಕಾದ ಹಾಗೆ. ಪರದೆಯ ಮೇಲೆ ಎಲ್ಲಿ ಒತ್ತಿದರೂ ದೂರದ ಗಣಕಕ್ಕೆ ಒಂದು ಕೋರಿಕೆ ಹೋಗುತ್ತಿತ್ತು, ಅಲ್ಲಿಂದ ಇಡೀ ಪುಟವೇ ಹೊಸದಾಗಿ ಬರುತ್ತಿತ್ತು. ಹೀಗೆ ಕೇಳಿದ್ದನ್ನು ಒದಗಿಸುವ ದೂರದ ಗಣಕಕ್ಕೇ ಸರ್ವರ್ ಎಂದು ಹೆಸರು. ಹಳೆಯ ಪುಟ ಅಳಿದು ಪರದೆ ಬೆಳ್ಳಗಾಗಿ, ಹೊಸ ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿದು ಬರುವುದನ್ನು ಅಂದಿನವರು ಮರೆತಿರಲಾರರು. ಕಾಯುವವರಿಗೆ ಸಮಾಧಾನವಾಗಲೆಂದು ಬ್ರೌಸರ್ ತಂತ್ರಾಂಶವೇ ಮೂಲೆಯಲ್ಲಿ ಒಂದು ಚಿತ್ರವನ್ನು ಆಡಿಸುತ್ತಿತ್ತು. ಮೊಸಾಯಿಕ್‌ನಲ್ಲಿ ಭೂಗೋಳ ತಿರುಗುತ್ತಿತ್ತು. ನೆಟ್‌ಸ್ಕೇಪ್‌ನಲ್ಲಿ ‘ಎನ್’ ಅಕ್ಷರದ ಹಿಂದೆ ಉಲ್ಕೆಗಳು ಉದುರುತ್ತಿದ್ದವು. ಅದಕ್ಕೂ ಮೊದಲು, 1984ರ ಮ್ಯಾಕಿಂಟಾಷ್ ಗಣಕದಲ್ಲಿ, ಸೂಸನ್ ಕೇರ್ ಎಂಬ ಕಲಾವಿದೆ ಬಿಡಿಸಿದ ಪುಟ್ಟ ಕೈಗಡಿಯಾರವಿತ್ತು. ವಿಂಡೋಸ್‌ನಲ್ಲಿ ಮರಳುಗಡಿಯಾರವಿತ್ತು. 2007ರಲ್ಲಿ ವಿಸ್ತಾ ಬಂದ ಮೇಲೆ ಮರಳು ಹೋಗಿ ಉಂಗುರ ಬಂತು.

ಆದರೆ ಇಡೀ ಪುಟವನ್ನು ಪ್ರತಿ ಸಲವೂ ತರಿಸುವುದು ದಂಡದ ಕೆಲಸ. ಪಹಣಿಯ ಉದಾಹರಣೆಯನ್ನೇ ನೋಡಿ. ಮೊದಲು ಜಿಲ್ಲೆ ಆರಿಸಬೇಕು. ‘ಶಿವಮೊಗ್ಗ’ ಎಂದು ಒತ್ತಿದ ಮೇಲೆ ಆ ಜಿಲ್ಲೆಯ ತಾಲ್ಲೂಕುಗಳ ಪಟ್ಟಿ ಬರಬೇಕು. ‘ಹೊಸನಗರ’ ಎಂದರೆ ಹೋಬಳಿಗಳ ಪಟ್ಟಿ, ಹೋಬಳಿ ಆರಿಸಿದರೆ ಗ್ರಾಮಗಳ ಪಟ್ಟಿ, ಅನಂತರ ಸರ್ವೆ ನಂಬರು, ಅದಾದ ಮೇಲೆ ಹಿಸ್ಸಾ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರು ತರಲು ಸರ್ಕಾರದ ಲಾಂಛನ, ಮೇಲಿನ ಬಣ್ಣದ ಪಟ್ಟಿ, ಕೆಳಗಿನ ಸೂಚನೆ ಎಲ್ಲವನ್ನೂ ಮತ್ತೆ ಹೊತ್ತು ತರಬೇಕೇ? ಮನೆಯ ಒಂದು ಹೆಂಚು ಒಡೆದರೆ ಇಡೀ ಮಾಡು ಕಳಚುವವರುಂಟೇ?

ಇದಕ್ಕೆ ದಾರಿ ತೋರಿದ್ದು 1999ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಐದನೇ ಆವೃತ್ತಿ. ಪುಟ ಇದ್ದ ಹಾಗೇ ಇರುವಾಗ, ಅದರೊಳಗಿನ ತಂತ್ರಾಂಶ ಹಿಂಬಾಗಿಲಿನಿಂದ ಸರ್ವರನ್ನು ಮಾತನಾಡಿಸಿ ತನಗೆ ಬೇಕಾದ ತುಣುಕನ್ನಷ್ಟೇ ತರಿಸಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ಕೆಲವು ವರ್ಷ ಇದನ್ನು ಹೆಚ್ಚು ಜನ ಗಮನಿಸಲಿಲ್ಲ. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಲೋಕ ಬೆರಗಾಯಿತು. ನಕ್ಷೆಯನ್ನು ಬೆರಳಿನಿಂದ ಸರಿಸಿದಂತೆ ಮೌಸ್‌ನಿಂದ ಸರಿಸಬಹುದಿತ್ತು, ಪುಟ ಬೆಳ್ಳಗಾಗುತ್ತಿರಲಿಲ್ಲ. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬಾತ ಈ ವಿಧಾನಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟ. ಈಗ ಬ್ಯಾಂಕು, ರೈಲು, ಪಹಣಿ, ಪಡಿತರ ಯಾವ ತಾಣಕ್ಕೆ ಹೋದರೂ ತುಂಡು ತುಂಡಾಗಿ ಪುಟ ಬದಲಾಗುವುದೇ ರೂಢಿ.

ಲಾಭ ಬಂದಲ್ಲಿ ಒಂದು ನಷ್ಟವೂ ಬಂತು. ಇಡೀ ಪುಟ ಬದಲಾಗುವಾಗ ಬ್ರೌಸರಿನ ಭೂಗೋಳ ತಾನಾಗಿ ತಿರುಗುತ್ತಿತ್ತು. ಪುಟ ಬರೆದವನು ಮರೆತರೂ ಕಾಯುವವನಿಗೆ ಸೂಚನೆ ತಪ್ಪುತ್ತಿರಲಿಲ್ಲ. ಹಿಂಬಾಗಿಲಿನ ವ್ಯವಹಾರದಲ್ಲಿ ಬ್ರೌಸರ್ ಸುಮ್ಮನಿರುತ್ತದೆ. ತಾಲ್ಲೂಕಿನ ಪಟ್ಟಿ ಬರಲು ಇಪ್ಪತ್ತು ಸೆಕೆಂಡು ಹಿಡಿದರೆ ಆ ಇಪ್ಪತ್ತು ಸೆಕೆಂಡೂ ಪರದೆ ಕಲ್ಲಿನಂತೆ ನಿಂತಿರುತ್ತದೆ. ಒತ್ತಿದ್ದು ತಲುಪಿತೋ ಇಲ್ಲವೋ ತಿಳಿಯದು. ‘ತಡೆಯಿರಿ, ತರುತ್ತಿದ್ದೇನೆ’ ಎಂದು ಹೇಳುವ ಹೊಣೆ ಬ್ರೌಸರಿನಿಂದ ಜಾರಿ ಪುಟ ಕಟ್ಟುವವನ ಹೆಗಲಿಗೆ ಬಂತು. ಇಂದು ಕಾಣುವ ಚಕ್ರ ಹಾಗೆ ಬಂದದ್ದು. ಎಲ್ಲಿ ಅದು ಕಾಣುವುದಿಲ್ಲವೋ ಅಲ್ಲಿ ಯಾರೋ ಒಬ್ಬರು ಹೊಣೆ ಮರೆತಿದ್ದಾರೆಂದೇ ತಿಳಿಯಬೇಕು.

ಒಂದು ಸಣ್ಣ ಪ್ರಯೋಗ

ಈಗ ಮೂಲ ಪ್ರಶ್ನೆಗೆ ಬರೋಣ. ಚಕ್ರ ತಿರುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥವೇ? ಇದಕ್ಕೆ ಯಾರು ಬೇಕಾದರೂ ಮನೆಯಲ್ಲೇ ಪ್ರಯೋಗ ಮಾಡಿ ನೋಡಬಹುದು. ಮೊಬೈಲಿನಲ್ಲಿ ಒಂದು ವೀಡಿಯೊ ತೆರೆಯಿರಿ. ಅದು ಬರಲು ಆರಂಭಿಸಿ ಚಕ್ರ ಕಾಣಿಸಿಕೊಂಡ ಕೂಡಲೇ ಫೋನನ್ನು ವಿಮಾನದ ಗುರುತಿನ ಸ್ಥಿತಿಗೆ, ಅಂದರೆ ಏರೋಪ್ಲೇನ್ ಮೋಡ್‌ಗೆ ಹಾಕಿ. ಹೊರಲೋಕದ ಸಂಪರ್ಕ ಪೂರ್ತಿ ಕಡಿದುಹೋಯಿತು. ಆದರೂ ಎಷ್ಟೋ ಸಲ ಚಕ್ರ ಮೊದಲಿನಂತೆಯೇ ತಿರುಗುತ್ತಿರುವುದನ್ನು ಕಾಣುವಿರಿ!

ಕಾರಣ ಸರಳ. ಆ ಚಕ್ರ ಬೆಂಗಳೂರಿನಲ್ಲಿ ತಿರುಗುತ್ತಿಲ್ಲ, ನಿಮ್ಮ ಅಂಗೈಯಲ್ಲೇ ತಿರುಗುತ್ತಿದೆ. ಅದೊಂದು ಪುಟ್ಟ ಚಲಿಸುವ ಚಿತ್ರ. ಪುಟದ ಜೊತೆಗೆ ಮೊದಲೇ ಬಂದು ಮರೆಯಲ್ಲಿ ಕುಳಿತಿರುತ್ತದೆ. ಕೋರಿಕೆ ಹೊರಟಾಗ ತಂತ್ರಾಂಶ ಅದನ್ನು ತೆರೆಯ ಮುಂದಕ್ಕೆ ತರುತ್ತದೆ, ಉತ್ತರ ಬಂದಾಗ ಮತ್ತೆ ಮರೆಗೆ ಕಳಿಸುತ್ತದೆ. ನಡುವೆ ಸರ್ವರ್ ಕೆಲಸ ಮಾಡುತ್ತಿದೆಯೋ, ನಿದ್ದೆ ಹೋಗಿದೆಯೋ, ಮಳೆಗೆ ಕರೆಂಟು ಹೋಗಿ ಟವರ್ ಸತ್ತಿದೆಯೋ ಚಕ್ರಕ್ಕೆ ಗೊತ್ತಿಲ್ಲ. ಬಸ್ಸಿನ ಎಂಜಿನ್ ಓಡುತ್ತಿದೆ ಎಂದ ಮಾತ್ರಕ್ಕೆ ಬಸ್ಸು ಹೊರಟಿದೆ ಎಂದಲ್ಲ. ಇಲ್ಲಿಯಂತೂ ಎಂಜಿನ್ ಕೂಡ ಬಸ್ಸಿನದಲ್ಲ!

ಹಾಗೆಂದು ಚಕ್ರವನ್ನು ಸುಳ್ಳುಗಾರ ಎನ್ನುವಂತಿಲ್ಲ. ಅದು ಹೇಳುವುದು ಒಂದೇ ಮಾತು: ‘ಕೋರಿಕೆ ಕಳಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.’ ಇಷ್ಟನ್ನು ಪ್ರಾಮಾಣಿಕವಾಗಿ ಹೇಳಿದರೆ ಅದೇ ದೊಡ್ಡ ಉಪಕಾರ. ತೊಂದರೆ ಬರುವುದು ಪುಟ ಕಟ್ಟುವವನು ಗೆಲುವಿನ ದಾರಿಯನ್ನಷ್ಟೇ ಯೋಚಿಸಿದಾಗ. ‘ಉತ್ತರ ಬಂದರೆ ಚಕ್ರ ನಿಲ್ಲಿಸು’ ಎಂದು ಬರೆಯುತ್ತಾನೆ. ‘ಉತ್ತರ ಬಾರದೇ ಹೋದರೆ?’ ಎಂಬುದನ್ನು ಮರೆಯುತ್ತಾನೆ. ಆಗ ಸಂಪರ್ಕ ಕಡಿದರೂ ಚಕ್ರ ಸಂಜೆಯವರೆಗೆ ತಿರುಗುತ್ತದೆ, ಗೌಡರು ಸಂಜೆಯವರೆಗೆ ಕೂರುತ್ತಾರೆ.

ಒಳ್ಳೆಯ ಪುಟ ಕಟ್ಟುವವರು ಕೆಲವು ನಿಯಮಗಳನ್ನು ಪಾಲಿಸುತ್ತಾರೆ. ಉತ್ತರ ಬರಲಿ, ತಪ್ಪು ಬರಲಿ, ಏನೂ ಬಾರದಿರಲಿ, ಮೂರೂ ದಾರಿಯ ಕೊನೆಗೆ ಚಕ್ರ ನಿಲ್ಲಲೇಬೇಕು. ಇಷ್ಟು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಕಾಯುವುದನ್ನು ಬಿಟ್ಟು, ಏನಾಯಿತೆಂದು ಕನ್ನಡದಲ್ಲಿ ತಿಳಿಸಬೇಕು. ಒಂದೇ ಪುಟದಿಂದ ಮೂರು ಕೋರಿಕೆ ಹೋಗಿದ್ದರೆ ಮೂರೂ ಹಿಂತಿರುಗುವವರೆಗೆ ಲೆಕ್ಕ ಇಡಬೇಕು. ಮೊದಲನೆಯದು ಬಂದ ಕೂಡಲೇ ಚಕ್ರ ನಿಲ್ಲಿಸಿದರೆ ಉಳಿದೆರಡರ ಗತಿ ಯಾರಿಗೂ ತಿಳಿಯದು. ಯಾವ ಭಾಗ ಬದಲಾಗುತ್ತಿದೆಯೋ ಸೂಚನೆ ಆ ಭಾಗದ ಪಕ್ಕದಲ್ಲೇ ಇರಬೇಕು. ತಾಲ್ಲೂಕಿನ ಪಟ್ಟಿ ಬರುತ್ತಿದ್ದರೆ ಅದರ ಬದಿಯಲ್ಲೇ ‘ಪಟ್ಟಿ ಬರುತ್ತಿದೆ’ ಎಂದಿರಲಿ. ಅಷ್ಟಕ್ಕಾಗಿ ಇಡೀ ಪರದೆಗೆ ಮಸುಕು ಬಳಿಯಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಉತ್ತರ ಕ್ಷಣದಲ್ಲಿ ಬಂದುಬಿಟ್ಟರೆ ಚಕ್ರ ಮಿಂಚಿ ಮಾಯವಾಗುತ್ತದೆ, ಕಣ್ಣಿಗೆ ಕಿರಿಕಿರಿ. ಅದಕ್ಕೆಂದೇ ಮೈಕ್ರೋಸಾಫ್ಟ್ 2007ರಲ್ಲಿ ತನ್ನ ಪುಟ ಕಟ್ಟುವ ಸಲಕರಣೆಗಳಲ್ಲಿ ಇಂಥ ಸೂಚಕವೊಂದನ್ನು ಕೊಟ್ಟಾಗ, ಬೇರೆ ಹೇಳದಿದ್ದರೆ ಅರ್ಧ ಸೆಕೆಂಡು ಕಾದು ಅನಂತರವೇ ಅದು ಮುಖ ತೋರಿಸುವಂತೆ ಮಾಡಿತ್ತು.

ತಡ ಆಗುವುದೆಲ್ಲಿ?

ದೂರವೇ ತಡಕ್ಕೆ ಕಾರಣ ಎಂದು ಕೆಲವರು ಭಾವಿಸುವುದುಂಟು. ಲೆಕ್ಕ ಹಾಕಿ ನೋಡೋಣ. ರಿಪ್ಪನ್‌ಪೇಟೆಯಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವ 700 ಕಿಲೋಮೀಟರಿಗೆ ಬೇಕಾದದ್ದು ಸೆಕೆಂಡಿನ ಸಾವಿರದಲ್ಲಿ ಮೂರೂವರೆ ಭಾಗ. ಕಣ್ಣುರೆಪ್ಪೆ ಬಡಿಯಲು ಇದರ ಎಷ್ಟೋ ಪಟ್ಟು ಹೊತ್ತು ಬೇಕು. ದಾರಿಯ ಕವಲುಗಳಲ್ಲಿ ನಿಂತು ಸಾಗುವ ಹೊತ್ತನ್ನು ಸೇರಿಸಿದರೂ ದೂರದ ಪಾಲು ಅಲ್ಪ.

ತಡ ಆಗುವುದು ಎರಡು ತುದಿಗಳಲ್ಲಿ. ಈ ತುದಿಯಲ್ಲಿ ಮಳೆ, ಗುಡ್ಡ, ಮರಗಳ ನಡುವಿನ ದುರ್ಬಲ ಸಿಗ್ನಲ್. ಒಂದು ತುಣುಕು ಕಳೆದುಹೋದರೆ ಮತ್ತೆ ಕಳಿಸಬೇಕು. ಆ ತುದಿಯಲ್ಲಿ ಸರದಿಯ ಸಾಲು. ಸರ್ವರ್ ಎಂದರೆ ಕಿಟಕಿಯಲ್ಲಿ ಕುಳಿತ ಗುಮಾಸ್ತನಂತೆ. ಎಷ್ಟೇ ಚುರುಕಿನವನಾದರೂ ಒಂದು ಹೊತ್ತಿಗೆ ಇಷ್ಟೇ ಜನರಿಗೆ ಉತ್ತರಿಸಬಲ್ಲ. 2023ರ ಜೂನ್ 18ರಂದು ಸೇವಾಸಿಂಧು ತಾಣದಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ರಾಜ್ಯದ ಮನೆಮನೆಯವರೂ ಒಟ್ಟಿಗೇ ಆ ಕಿಟಕಿಯ ಮುಂದೆ ಬಂದು ನಿಂತರು. ಅಂದಿನಿಂದ ‘ಸರ್ವರ್ ಬಿಜಿ’ ಎಂಬುದು ಹಳ್ಳಿಯ ಅಜ್ಜಿಯರ ಬಾಯಲ್ಲೂ ಅಚ್ಚ ಕನ್ನಡದ ಮಾತಾಗಿದೆ.

ಸೂಚನೆ ಇಲ್ಲದ ಪುಟ ಈ ಸಾಲನ್ನು ಇನ್ನಷ್ಟು ಉದ್ದ ಮಾಡುತ್ತದೆ. ಒತ್ತಿದ್ದು ತಲುಪಿತೋ ಇಲ್ಲವೋ ತಿಳಿಯದಾಗ ಮನುಷ್ಯ ಮಾಡುವುದೇನು? ಮತ್ತೆ ಒತ್ತುತ್ತಾನೆ. ಇನ್ನೂ ಬರಲಿಲ್ಲವೆಂದು ಮೂರನೇ ಸಲ ಒತ್ತುತ್ತಾನೆ. ನೂರು ಜನ ಮೂರು ಮೂರು ಸಲ ಒತ್ತಿದರೆ ಸರ್ವರಿನ ಮುಂದೆ ಮುನ್ನೂರು ಕೋರಿಕೆ. ತಡವಾಯಿತೆಂದು ಒತ್ತಿದ್ದರಿಂದಲೇ ಮತ್ತಷ್ಟು ತಡ. ಒಂದು ಚಿಕ್ಕ ಚಕ್ರ, ‘ಕೋರಿಕೆ ಹೋಗಿದೆ, ಮತ್ತೆ ಒತ್ತಬೇಡಿ’ ಎಂಬ ಒಂದು ಸಾಲು, ಉತ್ತರ ಬರುವವರೆಗೆ ಕೆಲಸ ಮಾಡದಂತೆ ಮಂಕಾಗುವ ಗುಂಡಿ - ಇಷ್ಟಿದ್ದರೆ ಸಾಲು ಎಷ್ಟೋ ಕಡಿಮೆಯಾದೀತು.

ದುಡ್ಡಿನ ವಿಷಯದಲ್ಲಂತೂ ಇದು ತಮಾಷೆಯಲ್ಲ. ಪಾವತಿಯ ಗುಂಡಿಯನ್ನು ಎರಡು ಸಲ ಒತ್ತಿ, ಖಾತೆಯಿಂದ ಎರಡು ಸಲ ಹಣ ಹೋದರೆ ಬಡವನ ಪಾಡೇನು? ಚೆನ್ನಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಪ್ರತಿ ಪಾವತಿಗೂ ಮೊದಲೇ ಒಂದು ಸಂಖ್ಯೆ ಅಂಟಿರುತ್ತದೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ‘ಇದು ಆಗಲೇ ಆಗಿದೆ’ ಎಂದು ಗುರುತಿಸಿ ಮತ್ತೆ ಹಣ ಮುಟ್ಟುವುದಿಲ್ಲ. ಎಲ್ಲ ಕಡೆಯೂ ಹೀಗೆ ಕಟ್ಟಿದ್ದಾರೆಂದು ನಂಬಿ ಕೂರುವಂತಿಲ್ಲ. ಹಣ ಹೋಗಿ ಚಕ್ರ ತಿರುಗುತ್ತಲೇ ಉಳಿದರೆ ಪುನಃ ಒತ್ತುವ ಮೊದಲು ಖಾತೆಯ ವಿವರ ಅಥವಾ ಬ್ಯಾಂಕಿನ ಸಂದೇಶ ನೋಡಿಕೊಳ್ಳುವುದು ಜಾಣತನ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಅಂಗಡಿಗೆ ಕೊಟ್ಟ ಹಣ ಖಾತೆಯಿಂದ ಕಡಿತವಾಗಿ ಅಂಗಡಿಯವರಿಗೆ ಖಾತರಿ ಸಿಗದಿದ್ದರೆ ಐದು ದಿನದೊಳಗೆ ತಾನಾಗಿ ಹಿಂತಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಇದು ಬಹಳ ಜನರಿಗೆ ತಿಳಿದಿಲ್ಲ.

ಕುಕ್ಕರಿನ ಸೀಟಿ

ಮನುಷ್ಯನ ತಾಳ್ಮೆಗೂ ಒಂದು ಅಳತೆಯಿದೆ. ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲೇ ಇದನ್ನು ವಿವೇಚಿಸಿದ್ದರು. ಜೇಕಬ್ ನೀಲ್ಸನ್ 1993ರಲ್ಲಿ ಅದನ್ನು ಮೂರು ಮೆಟ್ಟಿಲಾಗಿ ಜನಪ್ರಿಯಗೊಳಿಸಿದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ಒತ್ತಿದ ಕೂಡಲೇ ಆಯಿತು ಎನ್ನಿಸುತ್ತದೆ. ಒಂದು ಸೆಕೆಂಡಿನವರೆಗೆ ತಡವಾದದ್ದು ತಿಳಿದರೂ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ. ಹೀಗಾಗಿ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವ ಕೆಲಸಕ್ಕೆ ಬರಿಯ ಚಕ್ರ ಸಾಲದು, ಎಷ್ಟಾಯಿತು ಎಷ್ಟು ಉಳಿಯಿತು ಎಂದು ತಿಳಿಸಬೇಕು.

ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ಇದಕ್ಕೆ ಒಳ್ಳೆಯ ಮಾದರಿ. ಒಳಗೆ ಏನಾಗುತ್ತಿದೆ ಎಂದು ಮುಚ್ಚಳ ತೆಗೆದು ನೋಡುವಂತಿಲ್ಲ. ಆದರೆ ‘ಮೂರು ಸೀಟಿಗೆ ಬೇಳೆ ಬೇಯುತ್ತದೆ’ ಎಂಬ ಲೆಕ್ಕವಿದೆ. ಎರಡು ಕೂಗಿತು ಎಂದರೆ ಇನ್ನೊಂದಕ್ಕೆ ಕಾಯಬೇಕು. ಕಾಯುವುದಕ್ಕೆ ಒಂದು ಕೊನೆ ಇದೆಯೆಂದು ತಿಳಿದ ಮನೆಯಾಕೆ ಅಷ್ಟರಲ್ಲಿ ತೆಂಗಿನಕಾಯಿ ತುರಿದುಕೊಳ್ಳುತ್ತಾಳೆ. ಗಣಕಲೋಕದಲ್ಲಿ ಈ ಕೆಲಸ ಮಾಡುವುದು ಎಡದಿಂದ ಬಲಕ್ಕೆ ತುಂಬುತ್ತ ಹೋಗುವ ಪಟ್ಟಿ. ಬ್ರಾಡ್ ಮೈಯರ್ಸ್ ಎಂಬ ಸಂಶೋಧಕ 1985ರಲ್ಲಿ ಪ್ರಯೋಗ ನಡೆಸಿ, ಜನ ಇಂಥ ಪಟ್ಟಿ ಇರುವುದನ್ನೇ ಬಯಸುತ್ತಾರೆಂದು ತೋರಿಸಿದ್ದರು. ಆದರೆ ಪಟ್ಟಿಯೂ ನೆಟ್ಟಗಿರಬೇಕು. ತೊಂಬತ್ತೊಂಬತ್ತಕ್ಕೆ ಓಡಿ ಅಲ್ಲೇ ಅರ್ಧ ಗಂಟೆ ಕೂತರೆ ಅದು ಚಕ್ರಕ್ಕಿಂತ ಕೆಟ್ಟ ಸುಳ್ಳು. ಒಟ್ಟು ಎಷ್ಟೆಂದು ತಿಳಿಯದ ಕಡೆ ಶೇಕಡಾ ಲೆಕ್ಕ ಕೊಡದಿರುವುದೇ ಮರ್ಯಾದೆ.

ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಅವರು ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದ್ದಾರೆ. ತಿರುಗುವ ಚಿತ್ರ ತಾನಾಗಿ ಮಾತಾಡುವುದಿಲ್ಲ. ‘ಈ ಭಾಗ ಬದಲಾಗುತ್ತಿದೆ’, ‘ಈಗ ಬದಲಾಯಿತು’ ಎಂದು ಆ ತಂತ್ರಾಂಶಕ್ಕೆ ತಿಳಿಸುವ ಗುರುತುಗಳನ್ನು ಜಾಲದ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2014ರಲ್ಲಿ ಅಧಿಕೃತಗೊಳಿಸಿದೆ. ಪುಟದಲ್ಲಿ ಒಂದೆರಡು ಪದ ಸೇರಿಸಿದರೆ ಮುಗಿಯುವ ಕೆಲಸ. ಆ ಒಂದೆರಡು ಪದ ಇಲ್ಲದಿದ್ದರೆ ಅವರಿಗೆ ಪರದೆ ಮೂಕ.

ಕಚೇರಿಗೂ ಒಂದು ಚಕ್ರ

ಈ ಪಾಠ ಕರ್ನಾಟಕಕ್ಕೆ ಹೊಸದಲ್ಲ. ರಾಜ್ಯದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ಈ ಶತಮಾನದ ಆರಂಭದಲ್ಲಿ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಕೊಡಲು ತೊಡಗಿದಾಗ ಒಂದು ಜಾಣ ಏರ್ಪಾಡು ಮಾಡಿತ್ತು. ಕಿಟಕಿಯ ಒಳಗಿನ ನೌಕರನಿಗೆ ಒಂದು ಪರದೆ, ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ಕೆಲಸ ಎಲ್ಲಿಗೆ ಬಂತು, ತನ್ನ ಹೆಸರಿನ ಮುಂದೆ ಏನಿದೆ ಎಂದು ರೈತ ಕಣ್ಣಾರೆ ಕಾಣುತ್ತಿದ್ದ. ಅದಕ್ಕೂ ಮೊದಲು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದುದು ಅವನ ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ಖಾತೆ ಬದಲಾವಣೆಯ ಅರ್ಜಿಗಳನ್ನೂ ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ಗಣಕಕ್ಕೆ ಕಟ್ಟು ಹಾಕಲಾಗಿತ್ತು. ಅಕ್ಷರ ಬಾರದವನಿಗೂ ಆ ಎರಡನೇ ಪರದೆ ಒಂದು ಧೈರ್ಯ ಕೊಡುತ್ತಿತ್ತು: ಮುಚ್ಚುಮರೆ ಇಲ್ಲ ಎಂಬ ಧೈರ್ಯ.

2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆಯ ಸ್ವೀಕೃತಿ ಸಿಗುತ್ತದೆ. ಆ ಸೇವೆಗೆ ಎಷ್ಟು ದಿನ ಎಂಬುದು ಗೊತ್ತಾಗಿರುತ್ತದೆ. ಸಂಖ್ಯೆ ಹಿಡಿದು ಅರ್ಜಿ ಎಲ್ಲಿದೆ ಎಂದು ವಿಚಾರಿಸಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಇದು ಸರ್ಕಾರಿ ಕಡತಕ್ಕೆ ಕಾಯ್ದೆಯೇ ತೊಡಿಸಿದ ತುಂಬುವ ಪಟ್ಟಿ ಎನ್ನಬೇಕು. ಚಕ್ರ ಹೇಳದ ಮೂರು ಸಂಗತಿಗಳನ್ನು ಇದು ಹೇಳುತ್ತದೆ: ಎಲ್ಲಿದೆ, ಯಾವಾಗ ಮುಗಿಯಬೇಕು, ಮುಗಿಯದಿದ್ದರೆ ಯಾರನ್ನು ಕೇಳಬೇಕು.

‘ತಾಳಿದವನು ಬಾಳಿಯಾನು’ ಎಂಬ ಗಾದೆ ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಸಸಿ ನೆಟ್ಟು ಐದಾರು ವರ್ಷ ಕಾದು ಅಡಿಕೆಯ ಮೊದಲ ಗೊನೆ ಕಾಣುವವರು ಅವರು. ಅವರ ತಾಳ್ಮೆಗೆ ಕಾರಣ, ಮರ ತಾನೆಷ್ಟು ಬೆಳೆದಿದ್ದೇನೆಂದು ದಿನವೂ ತೋರಿಸುತ್ತಲೇ ಇರುತ್ತದೆ. ಸೋಗೆ ಬಿಟ್ಟಿತು, ಹಿಂಗಾರ ಒಡೆಯಿತು, ಕಾಯಿ ಕಚ್ಚಿತು. ಕಾಯಲು ಅವರ ಅಭ್ಯಂತರವಿಲ್ಲ. ಯಾತಕ್ಕೆ ಕಾಯುತ್ತಿದ್ದೇವೆ ಎಂದು ತಿಳಿಯದೆ ಕಾಯುವುದೇ ಕಷ್ಟ.

ಅಂಗಡಿಯಲ್ಲಿ ಚಕ್ರ ಇನ್ನೂ ತಿರುಗುತ್ತಿದೆ. ಹುಡುಗ ಎದ್ದು ರೌಟರಿನ ದೀಪ ನೋಡುತ್ತಾನೆ. ಹಸಿರಾಗಿರಬೇಕಾದದ್ದು ಕೆಂಪಾಗಿದೆ. ಸಂಪರ್ಕ ಹೋಗಿ ಎಷ್ಟು ಹೊತ್ತಾಯಿತೋ!

‘ಗೌಡ್ರೇ, ಲೈನೇ ಇಲ್ಲ. ನೀವು ಊರಿಗೆ ಹೋಗಿ. ನಂಬರ್ ಕೊಟ್ಟಿರಿ, ಬಂದ ಕೂಡಲೇ ತೆಗೆದಿಟ್ಟು ಫೋನ್ ಮಾಡ್ತೇನೆ.’

ಗೌಡರು ಕೊಡೆ ಬಿಚ್ಚಿ ಬಸ್ಸಿನ ಕಡೆಗೆ ಹೆಜ್ಜೆ ಹಾಕುತ್ತಾರೆ. ಪಹಣಿ ಸಿಗಲಿಲ್ಲ, ನಿಜ. ಆದರೆ ಅರ್ಧ ದಿನ ಉಳಿಯಿತು. ಚಕ್ರ ಹೇಳದೆ ಬಿಟ್ಟದ್ದನ್ನು ಹುಡುಗ ಹೇಳಿದ. ಪುಟ ಕಟ್ಟುವವರು ಕಲಿಯಬೇಕಾದದ್ದೂ ಅಷ್ಟೇ.